ಅಂಡಾಣು ಪ್ರತಿ ತಿಂಗಳು ಹುಟ್ಟುವುದಿಲ್ಲ

ಪರ್ತಿನಲ್ಲಿ ಹುಡುಗಿಯೊಬ್ಬಳು ನನ್ನೆದುರು ಅತ್ತಳು. ಎರಡನೇ ತಿಂಗಳಿಗೇ ಬಸಿರು ಇಳಿದಿತ್ತು. ಪರಂಗಿ ಹಣ್ಣು ತಿಂದದ್ದೇ ತಪ್ಪಾಯಿತೆಂದು ಮನೆಯವರು ಅವಳನ್ನು ನಂಬಿಸಿಬಿಟ್ಟಿದ್ದರು. ಬ್ರಿಸ್ಬೇನ್, ಅಡಿಲೇಡಿನ ಕನ್ನಡ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ಹೀಗೆನ್ನುವವರಿಗೆ ಉತ್ತರ ಕೊಡದೆ ಇರಲಾರೆ.

“ತಿಂಗಳಿಗೊಂದು ಅಂಡ ಹೊಸದಾಗಿ ತಯಾರಾಗುತ್ತದೆ, ಉಷ್ಣದ್ದು ತಿಂದರೆ ಕೆಡುತ್ತದೆ” ಎನ್ನುತ್ತೀರಿ. ನಮ್ಮ ‘ಅಂಡೋತ್ಪತ್ತಿ’ ಎಂಬ ಪದವೇ ದಾರಿ ತಪ್ಪಿಸಿದೆ. ತಿಂಗಳಿಗೊಮ್ಮೆ ಆಗುವುದು ಉತ್ಪತ್ತಿಯಲ್ಲ, ಬಿಡುಗಡೆ. ಬ್ರಿಸ್ಬೇನಿನಲ್ಲಿ 20ನೇ ವಾರದ ಸ್ಕ್ಯಾನ್ ನೋಡಿ “ಹೆಣ್ಣು ಮಗು” ಎಂದು ಹೇಳುವ ಹೊತ್ತಿಗೇ ಆ ಕೂಸಿನ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ ಸುಮಾರು 3 ಲಕ್ಷ ಉಳಿಯುತ್ತವೆ. ಬದುಕಿಡೀ ಬಿಡುಗಡೆಯಾಗುವುದು ಸುಮಾರು 400 ಮಾತ್ರ.

ಪ್ರತಿಯೊಂದು ಅಂಡವೂ ತಾಯಿಯ ಗರ್ಭದಲ್ಲೇ ವಿಭಜನೆ ಶುರುಮಾಡಿ ಅರ್ಧದಲ್ಲಿ ನಿಂತಿರುತ್ತದೆ, ಕೆಲವು 40 ವರ್ಷ ಹಾಗೇ. ಬಿಡುಗಡೆಯ ಹಿಂದಿನ ಗಂಟೆಗಳಲ್ಲಿ ಹಾರ್ಮೋನು ಉಕ್ಕಿದಾಗ ಆ ಮೊದಲ ವಿಭಜನೆ ಮುಗಿಯುತ್ತದೆ. ಎರಡನೇ ವಿಭಜನೆ ಮುಗಿಯಲು ವೀರ್ಯಾಣು ಒಳಹೊಗಬೇಕು. ವರ್ಷಗಳು ಕಳೆದಂತೆ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟ ಬೆಸುಗೆ ಸಡಿಲಾಗಿ, ಹಂಚಿಕೆ ತಪ್ಪುತ್ತದೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸರಿಸುಮಾರು ಅರ್ಧಕ್ಕೆ ವರ್ಣತಂತುಗಳ ದೋಷವೇ ಕಾರಣ. ಊಟದ ತಟ್ಟೆ ಅದನ್ನು ಮಾಡಿದ್ದಲ್ಲ. ಸಿಗರೇಟಿನ ವಿಷಯ ಬೇರೆ. ಅದು ಅಂಡಗಳ ದಾಸ್ತಾನನ್ನು ಬೇಗ ಕರಗಿಸುತ್ತದೆ, ಒಪ್ಪುತ್ತೇನೆ.

“ಐವಿಎಫ್ ಚುಚ್ಚುಮದ್ದು ಅಂಡಗಳನ್ನೆಲ್ಲ ಖಾಲಿ ಮಾಡುತ್ತದೆ” ಎಂಬುದೂ ಸುಳ್ಳು. ಪ್ರತಿ ತಿಂಗಳೂ ಹಲವು ಅಂಡಗಳು ಬೆಳೆಯಲು ಹೊರಟು, ಒಂದು ಗೆದ್ದು, ಉಳಿದವು ಸಾಯುತ್ತವೆ. ಚುಚ್ಚುಮದ್ದು ಬದುಕಿಸುವುದು ಆ ಸಾಯುವವನ್ನೇ. ಗರ್ಭನಿರೋಧಕ ಗುಳಿಗೆಯಿಂದ ಅಂಡ ಉಳಿತಾಯವಾಗುವುದೂ ಇಲ್ಲ.

“ಫ್ರೀಜ್ ಮಾಡಿಟ್ಟರೆ ವಯಸ್ಸಿನ ಚಿಂತೆಯಿಲ್ಲ” ಎನ್ನುವವರು ಅಡಿಲೇಡನ್ನೇ ನೋಡಲಿ. ಹೆಪ್ಪುಗಟ್ಟಿಸಿದ ಅಂಡದಿಂದ ಗರ್ಭ ನಿಂತ ಮೊದಲ ವರದಿಯನ್ನು 1986ರಲ್ಲಿ ಪ್ರಕಟಿಸಿದವರು ಅಲ್ಲಿನ ಫ್ಲಿಂಡರ್ಸ್ ವೈದ್ಯಕೀಯ ಕೇಂದ್ರದ ಕ್ರಿಸ್ಟೋಫರ್ ಚೆನ್. ಅಂಡ ನೀರು ತುಂಬಿದ ದೊಡ್ಡ ಕೋಶ. ಮಂಜಿನ ಹರಳು ಅದನ್ನು ಸೀಳುತ್ತದೆ. ಕ್ಷಣದಲ್ಲಿ ಗಾಜಿನಂತೆ ಗಟ್ಟಿಮಾಡುವ ವಿಧಾನ ಬಂದ ಮೇಲೆ ಫಲಿತಾಂಶ ಬಹಳ ಸುಧಾರಿಸಿತು. ಆದರೂ 40ರಲ್ಲಿ ಇಟ್ಟ ಅಂಡ 40ರದ್ದೇ.

ಓದಿಕೊಂಡವರ ಆಕ್ಷೇಪ ಇನ್ನೊಂದಿದೆ: 2004ರಲ್ಲಿ ಅಮೆರಿಕದ ಜೊನಾಥನ್ ಟಿಲ್ಲಿ ತಂಡ ಇಲಿಗಳಲ್ಲಿ ಹೊಸ ಅಂಡ ಹುಟ್ಟುತ್ತದೆ ಎಂದಿತಲ್ಲ? ಎಂದದ್ದು ನಿಜ. ಆ ವಾದ ಇಂದಿಗೂ ವಿವಾದದಲ್ಲಿದೆ. ಅದನ್ನು ನೆಚ್ಚಿ ಹೆಣ್ಣುಮಗಳಿಗೆ “ಅವಸರವಿಲ್ಲ” ಎನ್ನುವುದು ಅನ್ಯಾಯ.

ಕಳೆದ ಮೂರು ತಿಂಗಳು ಏನು ತಿಂದೆ ಎಂಬ ಲೆಕ್ಕವನ್ನು ಸೊಸೆಯನ್ನು ಕೇಳಲೇಬೇಕೆಂದಿದ್ದರೆ ಮಗನನ್ನೂ ಕೇಳಿ. ದಿನವೂ ಹೊಸದಾಗಿ ತಯಾರಾಗುವುದು ವೀರ್ಯಾಣು. ಒಂದು ತಂಡ ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಅವನ ಪರೀಕ್ಷೆಗೆ ಬೇಕಾದದ್ದು ಒಂದು ಬೆಳಗಿನ ಹೊತ್ತು.