ಮೂಕಜೀವಕ್ಕೂ ಹಕ್ಕಿದೆ

ಕುರ್‌ಆನ್‌ನ 114 ಅಧ್ಯಾಯಗಳಲ್ಲಿ ಹಲವಕ್ಕೆ ಜೀವಿಗಳದೇ ಹೆಸರು: ಹಸು, ಜೇನುನೊಣ, ಇರುವೆ, ಜೇಡ, ಆನೆ. ನೆಲದ ಪ್ರಾಣಿಗಳೂ ಬಾನಿನ ಹಕ್ಕಿಗಳೂ ಮನುಷ್ಯರಂತೆಯೇ ಸಮುದಾಯಗಳು ಎಂಬುದು 6ನೇ ಅಧ್ಯಾಯದ 38ನೇ ವಚನದ ತಿರುಳು. ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನಿಗೆ ದೇವರ ಕ್ಷಮೆ ಸಿಕ್ಕಿತೆಂದೂ, ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿ ಕೊಂದವಳು ನರಕಕ್ಕೆ ಹೋದಳೆಂದೂ ಹದೀಸ್‌ಗಳು, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳು, ಹೇಳುತ್ತವೆ.

ಇದು ಬರಿಯ ಕನಿಕರದ ಮಾತಲ್ಲ. 13ನೇ ಶತಮಾನದ ನ್ಯಾಯಶಾಸ್ತ್ರಜ್ಞ ಇಜ್ಜುದ್ದೀನ್ ಇಬ್ನ್ ಅಬ್ದುಸ್ಸಲಾಂ ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನೇ ಪಟ್ಟಿ ಮಾಡಿದರು. ಮುಪ್ಪಾಗಿ ಉಪಯೋಗಕ್ಕೆ ಬಾರದಿದ್ದರೂ ಮೇವು ನೀಡಬೇಕು. ತಾಳಲಾರದ ಹೊರೆ ಹೇರಬಾರದು. ಮರಿಯನ್ನು ತಾಯಿಯ ಕಣ್ಣೆದುರು ಕೊಯ್ಯಬಾರದು.

ಮಾಂಸಾಹಾರವನ್ನು ಇಸ್ಲಾಂ ನಿಷೇಧಿಸಿಲ್ಲ; ಆದರೆ ಕ್ರೌರ್ಯಕ್ಕೆ ಅನುಮತಿ ಕೊಟ್ಟಿಲ್ಲ. ಚೂರಿ ಹರಿತವಾಗಿರಬೇಕು, ಅದನ್ನು ಪ್ರಾಣಿಯ ಮುಂದೆ ಮಸೆಯಬಾರದು ಎಂಬ ಕಟ್ಟಳೆಯ ಉದ್ದೇಶ ನೋವನ್ನು ತಗ್ಗಿಸುವುದೇ. ಹಲಾಲ್ ಎಂಬುದು ಕೊಯ್ಯುವ ಕ್ಷಣಕ್ಕಷ್ಟೇ ಸೀಮಿತವಾದರೆ ಈ ಆಶಯ ಅರ್ಧಕ್ಕೇ ನಿಲ್ಲುತ್ತದೆ. ಸಾಕುವ ಕೊಟ್ಟಿಗೆ, ಸಾಗಿಸುವ ಲಾರಿ, ಮಾರುವ ಸಂತೆ ಎಲ್ಲವೂ ಅದರ ವ್ಯಾಪ್ತಿಗೆ ಬರಬೇಕು.

ಬಕ್ರೀದ್ ಹೊತ್ತಿನಲ್ಲಿ ನೀರು, ನೆರಳಿಲ್ಲದೆ ಕುರಿಗಳನ್ನು ಒತ್ತೊತ್ತಾಗಿ ತುಂಬಿ ತರುವುದು ಧರ್ಮಕ್ಕೂ ಸಲ್ಲದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೂ ಸಲ್ಲದು. ಸಾಕುವವರು, ಸಾಗಿಸುವವರು, ಕೊಳ್ಳುವವರು ಯಾವ ಮತದವರೇ ಆಗಲಿ, ಹೊಣೆ ಎಲ್ಲರದು. ಮಸೀದಿಗಳ ಶುಕ್ರವಾರದ ಪ್ರವಚನಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರಲಿ.