ಗ್ಯಾರೇಜಿನಾಂವ ಪುಕ್ಕಟ ಕೊಟ್ಟ ಕಾರು

ಇವತ್ತ ಅಡಗಿ ವಿಷಯ ಅಲ್ಲರಿ, ಕಾರಿನ ವಿಷಯ. "ಇದೇನ ವೈನಿ, ಹೆಣ್ಣಮಕ್ಕಳಿಗ್ಯಾಕ ಇನ್ಶೂರೆನ್ಸಿನ ಉಸಾಬರಿ" ಅನ್ನವರು ಮೊದಲ ಪೂರ್ತಿ ಓದ್ರಿ, ಆಮ್ಯಾಲೆ ಜಗಳಾಡೋಣಂತ.

ನಮ್ಮ ಕಾರು ರಿಪೇರಿಗೆ ಬಿಟ್ಟಾಗ ಗ್ಯಾರೇಜಿನಾಂವ "ನಾಕ ದಿನಾ ಇದನ್ನ ಓಡಸ್ರಿ" ಅಂತ ಇನ್ನೊಂದು ಕಾರಿನ ಚಾವಿ ಕೈಯಾಗ ಇಡ್ತಾನ. ನಾವು ಖುಷೀಲೆ ಇಸ್ಕೋತೇವಿ. ಬಾಜೂ ಮನಿಯಿಂದ ಮಿಕ್ಸರ್ ಕಡಾ ತಂದ್ರ ಜಾರ್ ಸೀಳ್ಯದೇನು ಅಂತ ತಿರುವಿ ನೋಡೇ ತರ್ತೇವಿ. ಲಕ್ಷಗಟ್ಟಲೆ ರೂಪಾಯಿ ಕಾರಿಗೆ ಮಾತ್ರ ಒಂದ ಕಾಗದನೂ ನೋಡೂದಿಲ್ಲ. ನಾ ಹೇಳೂದು ಇಷ್ಟ: ಚಾವಿ ಕೊಡಾಂವ ಅದರ ಜೋಡಿ ಪಾಲಿಸಿ ತೋರಸಬೇಕು. ತೋರಸಲಿಲ್ಲಂದ್ರ ನಾವು ಆಟೋ ಹಿಡೀಬೇಕು.

"ನಮ್ಮ ಕಾರಿಗೆ ಪಾಲಿಸಿ ಅದ ಅಲ್ಲ?" ಅಂತಾರ ಭಾಳ ಮಂದಿ. ಅದ, ಆದ್ರ ಅದು ನಿಮ್ಮ ಕಾರಿಗಷ್ಟ ಅಂಟಿಕೊಂಡಿರ್ತದ. ನಮ್ಮ ದೇಶದಾಗ ಪಾಲಿಸಿ ಗಾಡಿ ಹಿಂದ ಹೋಗ್ತದ, ಓಡಸವರ ಹಿಂದ ಅಲ್ಲ. ಹಿಂಗಾಗಿ ನೀವು ಕೂತ ಗಾಡಿಗೆ ಯಾವ ಪಾಲಿಸಿ ಅದ, ಅದೊಂದ ಲೆಕ್ಕಕ್ಕ ಬರೂದು. ಅದು ಬರೇ ಥರ್ಡ್ ಪಾರ್ಟಿ ಆಗಿದ್ರ ಎದುರಿನವರಿಗೆ ಆದ ಪೆಟ್ಟಿಗಷ್ಟ ರೊಕ್ಕ. ನೀವು ಓಡಸೋ ಕಾರಿನ ಬಂಪರ್ ಮುರದ್ರ ಒಂದ ಪೈಸಾ ಬರೂದಿಲ್ಲ. ಫುಲ್ ಪಾಲಿಸಿ ಇದ್ರ, ಲೈಸೆನ್ಸ್ ಇದ್ದವರು ಯಾರ ಓಡಿಸಿದ್ರೂ ಸಾಮಾನ್ಯವಾಗಿ ನಡೀತದ. ಆದ್ರ ಖಾಸಗಿ ಕಾರಿನ ಪಾಲಿಸಿಯೊಳಗ ಇನ್ನೊಂದು ಮಾತು ಬರದಿರ್ತದ: ಬಾಡಿಗಿಗೆ ಕೊಟ್ರ, ಇಲ್ಲಾ ಗಾಡಿ ವ್ಯಾಪಾರದ ಕೆಲಸಕ್ಕ ಬಳಸಿದ್ರ ಈ ಪಾಲಿಸಿ ಇಲ್ಲ. ಗ್ಯಾರೇಜಿನಾಂವ ದಿನಕ್ಕ ಇಷ್ಟು ಅಂತ ರೊಕ್ಕ ತೊಗೊಂಡು ಬಿಳೀ ನಂಬರ್ ಪ್ಲೇಟಿನ ಕಾರು ಕೊಟ್ರ ಅದು ಬಾಡಿಗೀನ ಆಯ್ತಲ್ಲ? ಪುಕ್ಕಟ ಕೊಟ್ರೂ "ಇದು ಗ್ಯಾರೇಜಿನ ಧಂದೇ" ಅಂತ ಕಂಪನಿಯವರು ತಕರಾರು ತಗೀಬಹುದು.

ಹೋದ ವರ್ಷ ನಮ್ಮ ಕಾರು ಡೆಂಟಿಂಗಿಗೆ ಬಿಟ್ಟಾಗ ಹಿಂಗ ಒಂದು ಕಾರು ಕೊಡಲಿಕ್ಕೆ ಬಂದ್ರು. "ಪಾಲಿಸಿ ತೋರಸ್ರಿ" ಅಂದೆ. "ಎಲ್ಲಾ ಅದರೀ ಅಕ್ಕಾರ, ಕಾಳಜಿ ಬಿಡ್ರಿ" ಅಂತ ನಕ್ಕಾಂವ. ನಮ್ಮನಿಯವರು ನನಗ ಕಣ್ಣು ಮಾಡಿದ್ರು. ನಾ ಮೊಬೈಲಿನಾಗ ಎಂಪರಿವಾಹನ್ ಆ್ಯಪ್ ತಗದು ಗಾಡಿ ನಂಬರ್ ಹಾಕಿದೆ. ಇನ್ಶೂರೆನ್ಸ್ ಮುಗದು ಎರಡು ತಿಂಗಳಾಗಿತ್ತು! ಗಾಡಿ ಆ ಗ್ಯಾರೇಜಿನಾಂವನ ಹೆಸರಿನಾಗೂ ಇರಲಿಲ್ಲ, ಮಾರಾಟಕ್ಕ ಅಂತ ಯಾರೋ ಬಿಟ್ಟು ಹೋಗಿದ್ದು. ಆಮ್ಯಾಲೆ ಯಾರೂ ನಗಲಿಲ್ಲ.

ಇನ್ಶೂರೆನ್ಸ್ ಇಲ್ಲದ ಗಾಡಿಗೆ ದಂಡ ಮಾಲಕಗ ಅಷ್ಟ ಅಂತ ತಿಳೀಬ್ಯಾಡ್ರಿ. ಕಾಯ್ದೆ ಪ್ರಕಾರ ಓಡಿಸಿದವರಿಗೂ ಅದ: ಮೊದಲನೇ ಸಲ 2000 ರೂಪಾಯಿ, ಇಲ್ಲಾ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಅದು ಸಣ್ಣದು. ಯಾರಿಗಾದ್ರೂ ಕೈಕಾಲು ಮುರದ್ರ, ಜೀವಾ ಹೋದ್ರ, ಪರಿಹಾರದ ಕೇಸಿನಾಗ ಓಡಿಸಿದವರೂ ಸಿಗಬೀಳ್ತಾರ.

ಇನ್ನ ಓಡಸವರಿಗೇ ಏನರ ಆದ್ರ? ಪಾಲಿಸಿ ಜೋಡಿ ಬರೋ 15 ಲಕ್ಷದ ಅಪಘಾತ ವಿಮಾ ಮಾಲಕ ತಾನ ಓಡಸ್ತಿದ್ರ ಮಾಲಕಗ. ಕಡಾ ಇಸ್ಕೊಂಡವರಿಗಲ್ಲ. ಇದು ಬಾಯಿಮಾತಲ್ಲ. ನಮ್ಮ ಬಾಗಲಕೋಟಿ ಸೀಮಿದ ಒಂದು ಕೇಸು 2009ರಾಗ ಸುಪ್ರೀಂ ಕೋರ್ಟಿನಾಗ ತೀರ್ಮಾನ ಆಗೇದ. ಒಬ್ಬಾಂವ ಇಳಕಲ್ಲಿನಿಂದ ತನ್ನೂರಿಗೆ ಹೋಗಲಿಕ್ಕೆ ಬ್ಯಾರೇಯವರ ಮೋಟಾರ್ ಸೈಕಲ್ ಇಸ್ಕೊಂಡು ಹೊಂಟಾಗ ಮುಂದಿನ ಎತ್ತಿನ ಬಂಡಿಗೆ ಬಡದು ಸತ್ತ. ಹೆಂಡತಿ ಪರಿಹಾರ ಕೇಳಿದ್ಲು. ತಪ್ಪು ಯಾರದು ಅಂತ ನೋಡದ ಕೊಡೋ ಕಲಮಿನ ಕೆಳಗ ನಿನಗ ಬರೂದಿಲ್ಲ ಅಂತು ಕೋರ್ಟು. ಯಾಕಂದ್ರ ಗಾಡಿ ಇಸ್ಕೊಂಡಾಂವ ಮಾಲಕನ ಜಾಗಾದಾಗ ನಿಂತಂಗ. ಬ್ಯಾರೇ ಕಲಮಿನ ಕೆಳಗ ಬರ್ತದೇನು ನೋಡ್ರಿ ಅಂತ ಕೇಸು ತಿರುಗಿ ಹೈಕೋರ್ಟಿಗೆ ಕಳಿಸಿದ್ರು. ಗಂಡನ್ನ ಕಳಕೊಂಡಾಕಿ ಮತ್ತ ಕೋರ್ಟಿನ ಮೆಟ್ಟಲಾ ಹತ್ತಬೇಕು! ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತಾರಲ್ಲ, ಇಲ್ಲಿ ಇಸ್ಕೊಂಡವರ ಕೋಡಂಗಿ.

"ಪರಿಚಯದಾಂವ, ಕೇಳಿದ್ರ ಬ್ಯಾಸರ ಮಾಡ್ಕೋತಾನ" ಅಂತೀರಿ. ಫುಲ್ ಪಾಲಿಸಿ ಇದ್ರೂ ಇದ ಪರಿಚಯದಾಂವ ಕ್ಲೇಮ್ ಹಾಕಲಿಕ್ಕೆ ಹಿಂದ ಮುಂದ ನೋಡ್ತಾನ. ಕ್ಲೇಮ್ ಹಾಕಿದ್ರ ಅವನ ನೋ ಕ್ಲೇಮ್ ಬೋನಸ್, ಅಂದ್ರ 20ರಿಂದ 50 ಪರ್ಸೆಂಟಿನ ತನಕ ಸಿಗೋ ರಿಯಾಯತಿ, ಹೋಗ್ತದ. ಆಗ "ನೀವ ಕೊಟ್ಟಬಿಡ್ರಿ ಅಕ್ಕಾರ" ಅಂತಾನ. ಸಂಬಂಧ ಕೆಡೂದು ಆವಾಗ, ಕಾಗದ ಕೇಳಿದಾಗಲ್ಲ.

ಅದಕ್ಕ ಕೇಳ್ರಿ: ಆರ್‌ಸಿ ಯಾರ ಹೆಸರಿನಾಗದ? ಪಾಲಿಸಿ ಫುಲ್ಲೋ, ಥರ್ಡ್ ಪಾರ್ಟಿಯೋ? ತಾರೀಖು ಎಲ್ಲಿ ತನಕ? ಗೀರು ಬಿದ್ರ ರೊಕ್ಕ ಯಾರು ಕೊಡಬೇಕು? ಉತ್ತರ ವಾಟ್ಸಾಪಿನಾಗ ಬರಸಿಕೊಳ್ರಿ. ಸಹಿ ಕೇಳಿದ್ರ ಓದಿ ಮಾಡ್ರಿ; "ಎಲ್ಲಾ ಖರ್ಚು ಗಿರಾಕಿದು" ಅಂತ ಬರದಿದ್ರ ಸಹಿ ಮಾಡಬ್ಯಾಡ್ರಿ. ಗಂಡಸರು ಕಣ್ಣು ಮಾಡ್ತಾರ, ಮಾಡ್ಲಿ. ನಾಳೆ ಏನರ ಆದ್ರ ಕೊಳ್ಳಾಗಿನ ಬಂಗಾರ ಅಡಾ ಇಡೂದು ನಾವ. ಹಂಗಾದ್ರ ಇವತ್ತ ಕೇಳೋ ಹಕ್ಕೂ ನಮ್ದ.