ಬಸ್ ನಿಲ್ದಾಣ ಉದ್ಘಾಟನೆಯಾಯಿತು, ವಸ್ತಿ ಬಸ್ ಎಲ್ಲಿ ಹೋಯಿತು?

ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ವರದಿಗಾಗಿ ಹೋದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಕೃಷಿ, ಶಿಕ್ಷಣ, ಕುಡಿಯುವ ನೀರು, ಹೆಸ್ಕಾಂ ಎಲ್ಲ ಮುಗಿದು ಹೊರಗೆ ಊಟದ ವಾಸನೆ ಬರುವ ಹೊತ್ತಿಗೆ ಸಾರಿಗೆ ಘಟಕದ ವ್ಯವಸ್ಥಾಪಕರ ಸರದಿ ಬರುತ್ತದೆ. ಅವರು ಎದ್ದು ನಿಂತು ಎಷ್ಟು ಬಸ್, ಎಷ್ಟು ಮಾರ್ಗ ಎಂದು ಓದುತ್ತಾರೆ. 'ಹಳ್ಳಿಗೆ ಬಸ್ ಸರಿಯಾಗಿ ಬಿಡ್ರಿ, ಕಂಪ್ಲೇಂಟ್ ಬರಬಾರದು' ಎಂದು ಶಾಸಕರು ಹೇಳುತ್ತಾರೆ. 'ಆಯ್ತ್ರಿ ಸರ್' ಅನ್ನುವಷ್ಟರಲ್ಲಿ ಮುಂದಿನ ಇಲಾಖೆಯ ಹೆಸರು ಕೂಗಿರುತ್ತಾರೆ. ಎರಡು ನಿಮಿಷವೂ ಆಗಿರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಯಾವ ತಾಲ್ಲೂಕಿಗೆ ಹೋದರೂ ಜನಪ್ರತಿನಿಧಿಗಳು ಸಾರಿಗೆ ಬಗ್ಗೆ ಕೊಡುವ ಲೆಕ್ಕ ಒಂದೇ ಥರ ಇರುತ್ತದೆ. ಇಷ್ಟು ಕೋಟಿಯ ರಸ್ತೆ, ಇಷ್ಟು ಕೋಟಿಯ ನಿಲ್ದಾಣ, ಇಷ್ಟು ಹೊಸ ಬಸ್ಸಿಗೆ ಹಸಿರು ನಿಶಾನೆ. ನಾವೂ ಅದನ್ನೇ ಫೋಟೊ ಸಮೇತ ಬರೆಯುತ್ತೇವೆ. ಆ ಬಸ್ ಸಂಜೆ ಎಷ್ಟು ಗಂಟೆಗೆ ಕೊನೆಯದಾಗಿ ಹಳ್ಳಿಗೆ ಹೊರಡುತ್ತದೆ ಎಂದು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಸಾರಿಗೆಯ ಲೆಕ್ಕ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ ಎಂಬುದು ನನ್ನ ವಾದ.

ವಸ್ತಿ ಬಸ್ ಬಗ್ಗೆ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ದೂರದಿಂದ ಓದುವವರಿಗಾಗಿ ಹೇಳುತ್ತೇನೆ: ರಾತ್ರಿ ಎಂಟೋ ಒಂಬತ್ತೋ ಗಂಟೆಗೆ ಹಳ್ಳಿಗೆ ಬಂದು, ಅಲ್ಲೇ ಉಳಿದು, ನಸುಕಿನಲ್ಲಿ ಹೊರಡುವ ಗಾಡಿ ಅದು. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೋ ಗುಡಿ ಕಟ್ಟೆಯ ಮೇಲೋ ಮಲಗುತ್ತಾರೆ. ಯಾರದೋ ಮನೆಯಿಂದ ರೊಟ್ಟಿ, ಪಲ್ಯ ಬರುತ್ತದೆ. ಸಂತೆಗೆ ಹೋದವರು, ಕಚೇರಿಗೆ ಅಲೆದವರು, ಸಂಜೆ ಕ್ಲಾಸು ಮುಗಿಸಿದವರು ಅದರಲ್ಲೇ ಮನೆ ಸೇರುತ್ತಾರೆ. ಮರುದಿನ ಕಾಲೇಜಿಗೆ, ಜಿಲ್ಲಾ ಆಸ್ಪತ್ರೆಗೆ ಹೋಗುವವರು ಅದರಲ್ಲೇ ಹೊರಡುತ್ತಾರೆ. ಹೀಗಾಗಿ ಒಂದು ವಸ್ತಿ ರದ್ದಾದರೆ ಹಳ್ಳಿಗೆ ರಾತ್ರಿಯ ಬಸ್ಸೂ ಇಲ್ಲ, ಬೆಳಗಿನ ಬಸ್ಸೂ ಇಲ್ಲ.

ನಾನು ಪದವಿ ಓದುವಾಗ ನಮ್ಮೂರ ವಸ್ತಿ ಒಂದು ಮಳೆಗಾಲದಲ್ಲಿ ನಿಂತಿತು. ರಸ್ತೆ ಕೆಟ್ಟಿದೆ ಎಂದು ಕಾರಣ ಕೊಟ್ಟರು. ಎರೆ ಮಣ್ಣಿನ ರಸ್ತೆ, ಮಾತು ಸುಳ್ಳಲ್ಲ. ಮುಂದಿನ ವರ್ಷ ರಸ್ತೆಗೆ ಡಾಂಬರು ಬಿತ್ತು, ಬಸ್ ಬರಲಿಲ್ಲ. ನಾವು ಹುಡುಗರು ಟಂಟಂ ಹಿಂದೆ ಜೋತುಬಿದ್ದು ಹೋದೆವು. ನಮ್ಮ ಜೊತೆಗಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು ಸೋದರಮಾವನ ಮನೆಯಲ್ಲಿ ಉಳಿದು ಓದು ಮುಗಿಸಿದಳು. ಇಬ್ಬರು ಕಾಲೇಜು ಬಿಟ್ಟರು. ಬಿಟ್ಟರು ಅನ್ನುವುದಕ್ಕಿಂತ ಬಿಡಿಸಿದರು ಅನ್ನಬೇಕು. ಕತ್ತಲಾದ ಮೇಲೆ ಟಂಟಂನಲ್ಲಿ ಮಗಳನ್ನು ಕಳಿಸಲು ಒಪ್ಪದ ಅಪ್ಪ-ಅವ್ವನನ್ನು ಬೈಯುವುದು ಸುಲಭ.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ನನಗೆ ಮೊದಲು ನೆನಪಾದದ್ದು ಆ ಇಬ್ಬರು. 2025ರ ಜುಲೈ 14ಕ್ಕೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು ಎಂದು ಸರ್ಕಾರ ಸಂಭ್ರಮಿಸಿತು. ಸಂಭ್ರಮಿಸಲಿ, ದೊಡ್ಡ ಸಂಖ್ಯೆಯೇ. ಯೋಜನೆಯನ್ನು ಗೇಲಿ ಮಾಡುವ ಗುಂಪಿನಲ್ಲಿ ನಾನಿಲ್ಲ. ಆದರೆ ಶೂನ್ಯ ದರದ ಟಿಕೆಟ್ ಕೊಡಬೇಕಾದರೆ ಬಸ್ ಬರಬೇಕು. ಹತ್ತಿದವರ ಲೆಕ್ಕ ಕಂಡಕ್ಟರ್ ಕೈಯಲ್ಲಿರುವ ಯಂತ್ರದಲ್ಲಿದೆ. ಕ್ರಾಸಿನಲ್ಲಿ ಕಾಯ್ದು ಕಾಯ್ದು ಮನೆಗೆ ತಿರುಗಿದವಳ ಲೆಕ್ಕ ಅದರಲ್ಲಿ ಬರುವುದಿಲ್ಲ.

ಇನ್ನೊಂದು ವಿಚಿತ್ರ ನಮ್ಮ ಜಿಲ್ಲೆಯದು. ನಮ್ಮ ಬಸ್ಸುಗಳು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ನಿಗಮಕ್ಕೆ ಸೇರಿವೆ. 2000ದಲ್ಲಿ ಹುಟ್ಟಿದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ಆದರೆ ವಿಜಯಪುರ ಜಿಲ್ಲೆ ಕಂದಾಯದಲ್ಲಿ ಬೆಳಗಾವಿ ವಿಭಾಗದ್ದು. 371(ಜೆ) ನಮಗೆ ಅನ್ವಯಿಸುವುದಿಲ್ಲ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲೂ ನಾವಿಲ್ಲ. ಬಸ್ಸಿನ ಮೇಲೆ ಕಲ್ಯಾಣ ಎಂದು ಬರೆದಿದೆ, ಕಲ್ಯಾಣದ ದುಡ್ಡು ಮಾತ್ರ ನಮ್ಮ ಜಿಲ್ಲೆಯದಲ್ಲ. ಮಂಡಳಿ ತನ್ನ ಜಿಲ್ಲೆಗಳಿಗೆ ಬಸ್ ಕೊಡಿಸಬಹುದು. ವಿಜಯಪುರ ವಿಭಾಗದ ಹಳೆಯ ಗಾಡಿಗಳ ಬದಲಿಗೆ ಹೊಸವನ್ನು ಯಾರು ಕೊಡಿಸುತ್ತಾರೆ? ನಮ್ಮನ್ನು 371(ಜೆ)ಗೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ನಾಲ್ಕೂ ಕ್ಷೇತ್ರಗಳ ಶಾಸಕರು ಸೇರಿ ಈ ಒಂದು ಪ್ರಶ್ನೆಗೆ ಸದನದಲ್ಲಿ ಉತ್ತರ ಪಡೆದರೆ ಸಾಕು.

ರೈಲಿನ ಕಥೆ ಬೇರೆ. ಹೋಟಗಿ-ಗದಗ ಮಾರ್ಗಕ್ಕೆ 1884ರಿಂದ ಇತಿಹಾಸವಿದೆ. ಆದರೂ ನಮ್ಮ ನಿಲ್ದಾಣಗಳ ಹೆಸರು ನೋಡಿ: ಇಂಡಿ ರೋಡ್, ಬಸವನಬಾಗೇವಾಡಿ ರೋಡ್. ಹೆಸರಿನಲ್ಲಿ 'ರೋಡ್' ಇದೆ ಎಂದರೆ ಊರು ಇನ್ನೂ ದೂರವಿದೆ ಎಂದರ್ಥ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅದೂ ಇಲ್ಲ. ಮುದ್ದೇಬಿಹಾಳ, ತಾಳಿಕೋಟಿ ಮೂಲಕ ಆಲಮಟ್ಟಿ-ಯಾದಗಿರಿ ರೈಲು ಎಂಬುದು ಅಜ್ಜಂದಿರ ಕಾಲದ ಬೇಡಿಕೆ, ಪ್ರತಿ ಚುನಾವಣೆಗೂ ಧೂಳು ಕೊಡವಿಕೊಂಡು ಏಳುತ್ತದೆ. ಇತ್ತ 284 ಕಿ.ಮೀ. ಹೋಟಗಿ-ಗದಗ ಜೋಡಿ ಮಾರ್ಗದ ಯೋಜನೆ ಬಂತು. ಅದರಲ್ಲಿ ಹೋಟಗಿಯಿಂದ ಕೂಡಗಿವರೆಗಿನ ಭಾಗಕ್ಕೆ ಎನ್‌ಟಿಪಿಸಿ ದುಡ್ಡು ಹಾಕಿತು. ಯಾಕೆಂದರೆ 2,400 ಮೆಗಾವಾಟ್‌ನ ಕೂಡಗಿ ಸ್ಥಾವರಕ್ಕೆ ಕಲ್ಲಿದ್ದಲು ಬರಬೇಕು. ಕಲ್ಲಿದ್ದಲು ರೈಲಿನಲ್ಲಿ ಬಾಗಿಲಿಗೇ ಬಂದು ಇಳಿಯುತ್ತದೆ. ಪ್ರಯಾಣಿಕ ರೋಡ್ ನಿಲ್ದಾಣದಲ್ಲಿ ಇಳಿದು ಗಾಡಿ ಹುಡುಕಬೇಕು. ಬುರಣಾಪುರದ ವಿಮಾನ ನಿಲ್ದಾಣದ ಬಗ್ಗೆ ಮಾತಾಡುವವರು ಬಹಳ ಮಂದಿ. ರೈಲಿನ ವೇಳೆಗೆ ಹೊಂದಿಸಿ ಇಂಡಿ ರೋಡಿಗೆ ಒಂದು ಬಸ್ ನಿಲ್ಲಿಸಿ ಎನ್ನುವವರು ಕಡಿಮೆ. ಅದಕ್ಕೆ ಹೊಸ ಹಳಿ ಬೇಡ, ವೇಳಾಪಟ್ಟಿ ಬದಲಿಸಿದರೆ ಸಾಕು.

ಘಟಕದವರ ಕಷ್ಟವನ್ನೂ ಹೇಳಬೇಕು. ರಾತ್ರಿ ಹಳ್ಳಿಗೆ ಹೋಗುವ ಗಾಡಿಯಲ್ಲಿ ಜನ ಕಡಿಮೆ, ಡೀಸೆಲ್ ಅಷ್ಟೇ. ಮೇಲಿನ ಕಚೇರಿ ಕೇಳುವುದು ಕಿಲೋಮೀಟರಿಗೆ ಎಷ್ಟು ಆದಾಯ ಎಂದು. ಉಳಿಯುವ ಸಿಬ್ಬಂದಿಗೆ ಹಳ್ಳಿಯಲ್ಲಿ ಶೌಚಾಲಯವಿಲ್ಲ, ಸೊಳ್ಳೆಯಿಂದ ನಿದ್ದೆಯಿಲ್ಲ. ಬೆಳಗ್ಗೆ ಐವತ್ತು ಜನರ ಜೀವ ಅದೇ ನಿದ್ದೆಗೆಟ್ಟ ಡ್ರೈವರ್ ಕೈಯಲ್ಲಿ. ಮಹಿಳಾ ಕಂಡಕ್ಟರನ್ನು ಅಂಥ ಡ್ಯೂಟಿಗೆ ಹಾಕುವುದಾದರೂ ಹೇಗೆ? ಇದು ಗ್ರಾಮ ಪಂಚಾಯಿತಿ ಬಗೆಹರಿಸಬಹುದಾದ ಸಮಸ್ಯೆ. ಬಾಗಿಲು, ಫ್ಯಾನು, ಶೌಚಾಲಯ ಇರುವ ಒಂದು ಕೋಣೆ. ಊರ ಮುಂದಿನ ಸ್ವಾಗತ ಕಮಾನಿಗೆ ಸುರಿಯುವ ದುಡ್ಡಿನಲ್ಲಿ ಅದು ಆಗುತ್ತದೆ. ವಸ್ತಿ ಬೇಕೆನ್ನುವ ಪಂಚಾಯಿತಿ ಕೋಣೆ ಕೊಡಲಿ, ಕೋಣೆ ಕೊಟ್ಟ ಊರಿಗೆ ವಸ್ತಿ ತಪ್ಪಿಸುವುದಿಲ್ಲ ಎಂದು ಘಟಕ ಬರೆದುಕೊಡಲಿ, ಶಾಸಕರು ನಡುವೆ ನಿಂತು ಸಹಿ ಹಾಕಿಸಲಿ.

ಉಳಿದದ್ದು ನಮ್ಮ ಕೆಲಸ, ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರದ್ದು. ಮುಂದಿನ ಕೆಡಿಪಿಗೆ ಹೋದಾಗ ಕೋಟಿಗಳ ಪಟ್ಟಿಯ ಜೊತೆ ಇನ್ನೊಂದು ಪಟ್ಟಿ ಕೇಳೋಣ: ಕಳೆದ ಮೂರು ತಿಂಗಳಲ್ಲಿ ಯಾವ ಹಳ್ಳಿಯ ಎಷ್ಟು ಟ್ರಿಪ್ ರದ್ದಾದವು, ಯಾವ ಊರಿಗೆ ವಸ್ತಿ ಇತ್ತು, ಈಗ ಯಾವುದಕ್ಕಿಲ್ಲ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನನ್ನ ತಾಲ್ಲೂಕಿನ ಅರ್ಜಿ ಬರೆದಿಟ್ಟಿದ್ದೇನೆ. ಇನ್ನು ಮೂರು ತಾಲ್ಲೂಕಿನವರು ಯಾರಾದರೂ ಕೈಜೋಡಿಸಿದರೆ ಉತ್ತರಗಳನ್ನು ಒಂದೇ ಕಡೆ ಹಾಕೋಣ.